ಭಟ್ಕಳದಲ್ಲಿ ಕೊಂಡ ಹಿಮದ ಕೋಟು

ಮನುಷ್ಯನು ಮೈಗೆ ಬಟ್ಟೆ ಸುತ್ತಿಕೊಳ್ಳಲು ಕಲಿತ ದಿನವೇ ಪ್ರಕೃತಿಯನ್ನು ಗೆದ್ದನೆಂದು ತಿಳಿದವರು ಹೇಳುತ್ತಾರೆ. ಅವರು ಬೇರೆ ಎಲ್ಲ ವಿಷಯಗಳನ್ನೂ ತಿಳಿದಿರಬಹುದು; ಆರ್ದ್ರಾ ಮಳೆಯಲ್ಲಿ ಹೊನ್ನಾವರದ ಧಕ್ಕೆಯ ಮೇಲೆ ದೋಣಿಗಾಗಿ ಕಾದವರಂತೂ ಅಲ್ಲ. ಅಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ. ಸಮುದ್ರದ ಕಡೆಯಿಂದ ಅಡ್ಡಡ್ಡ ಬರುತ್ತದೆ, ಎಡಗಿವಿಯಲ್ಲಿ ಹೊಕ್ಕು ಯೋಗಕ್ಷೇಮ ವಿಚಾರಿಸುತ್ತದೆ, ಆಮೇಲೆ ಅಂಗಿಯ ಒಳಗಿಳಿದು ನಿಧಾನವಾಗಿ ಮನೆ ಹೂಡುತ್ತದೆ. ನಾನು ಕುಮಟೆಯ ವಕೀಲರೊಬ್ಬರ ಕಾರಕೂನ. ಮನೆ ಹೊಳನಗದ್ದೆ. ವಕೀಲರ ಕಾಗದಪತ್ರಗಳನ್ನು ಹೊತ್ತುಕೊಂಡು ಕುಮಟೆ, ಹೊನ್ನಾವರ, ಭಟ್ಕಳ ಎಂದು ತಿರುಗುವುದೇ ನನ್ನ ಉದ್ಯೋಗ. ಕಾಗದ ನೆನೆಯಬಾರದು, ಕಾರಕೂನ ನೆನೆದರೆ ಅಡ್ಡಿಯಿಲ್ಲ ಎಂಬುದು ನಮ್ಮ ವಕೀಲರ ಬಹುಕಾಲದ ಅಭಿಪ್ರಾಯ. ಇಪ್ಪತ್ತು ಮಳೆಗಾಲಗಳಿಂದ ನಾನು ಈ ಅಭಿಪ್ರಾಯಕ್ಕೆ ತಕ್ಕಂತೆ ನಡೆದುಕೊಂಡು ಬಂದಿದ್ದೇನೆ.

ಕೊಡೆಯ ಮೇಲೆ ನನಗೆ ದ್ವೇಷವಿಲ್ಲ. ಘಟ್ಟದ ಮೇಲಿನವರಿಗೆ ಅದರಿಂದ ಉಪಯೋಗವಿದೆಯೆಂದು ಕೇಳಿದ್ದೇನೆ. ನಮ್ಮ ಕಡೆ ಕೊಡೆ ಬಿಚ್ಚುವುದೆಂದರೆ, ನಮ್ಮನ್ನು ಎಳೆದಾಡಲು ಗಾಳಿಯ ಕೈಗೆ ಒಂದು ಹಿಡಿಕೆ ಕೊಟ್ಟಂತೆ. ಒಮ್ಮೆ ಹಳದೀಪುರದ ಬಯಲಿನಲ್ಲಿ ನನ್ನ ಕೊಡೆ ಮೇಲ್ಮುಖವಾಗಿ ಅರಳಿ ನಿಂತಿತು. ಹಾದುಹೋಗುತ್ತಿದ್ದ ಬಸ್ಸಿನ ಜನವೆಲ್ಲ ಪರದೆ ಎತ್ತಿ ನೋಡಿದರು. ಯುದ್ಧ ಶುರುವಾದ ಮೇಲೆ ಕೊಡೆಗೆ ಹಾಕುವ ಕಪ್ಪು ಬಟ್ಟೆ ಅಂಗಡಿಗಳಿಂದ ಮಾಯವಾಯಿತು. ನನ್ನ ಹೆಂಡತಿ ತನ್ನ ಹಳೆಯ ಹಸಿರು ಸೀರೆಯ ಸೆರಗನ್ನು ಕತ್ತರಿಸಿ ತೇಪೆ ಹಾಕಿಕೊಟ್ಟಳು. ತೇಪೆಯ ತುಂಬ ಮಾವಿನಕಾಯಿಗಳು. ಕೋರ್ಟಿನ ಜಗಲಿಯಲ್ಲಿ ಸಾಲಾಗಿ ಒರಗಿಸಿಟ್ಟ ಕೊಡೆಗಳಲ್ಲಿ ಕಳುವಾಗದೆ ಉಳಿದದ್ದು ಅದೊಂದೇ.

ಕಂಬಳಿ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಕಂಬಳಿಯ ಒಂದು ತುದಿಯನ್ನು ಮಡಿಸಿ ತಲೆಗೆ ಸಿಕ್ಕಿಸಿ, ಉಳಿದದ್ದನ್ನು ಬೆನ್ನ ಮೇಲೆ ಇಳಿಬಿಟ್ಟರೆ ಆಯಿತು ಕೊಪ್ಪೆ. ನಮ್ಮ ತಂದೆ ಆ ಕೊಪ್ಪೆಯಲ್ಲೇ ಬದುಕು ಕಳೆದರು, ಒಂದು ದಿನವೂ ಕೆಮ್ಮಲಿಲ್ಲ. ಆದರೆ ಅವರು ಕೋರ್ಟಿಗೆ ಹೋಗುವವರಾಗಿರಲಿಲ್ಲ. ನಾನು ಒಂದು ದಿನ ಕೊಪ್ಪೆಯಲ್ಲಿ ಕೋರ್ಟಿಗೆ ಹೋದಾಗ, ಎದುರು ಪಕ್ಷದ ಕಾರಕೂನ ನನ್ನನ್ನು ಮೆಟ್ಟಿಲ ಕೆಳಗೇ ತಡೆದು, ನಿನ್ನದು ಯಾವ ಜಮೀನಿನ ತಕರಾರು ಎಂದು ಕೇಳಿದ. ನಮ್ಮ ವಕೀಲರು ಮೂಗಿಗೆ ವಸ್ತ್ರ ಹಿಡಿದು ಹೇಳಿದರು, "ಇದೆಂತದು ಮಾರಾಯ, ಕುರಿ ಹಿಂಡೇ ಒಳಗೆ ಬಂದ ಹಾಗೆ ಆತು. ಹೀಗಾದ್ರೆ ಕಕ್ಷಿಗಾರ ಯಾರು, ಕಾರಕೂನ ಯಾರು ಹೇಳಿ ನಂಗೇ ಗೊತ್ತಾಗೂದಿಲ್ಲ." ಅಂದಿನಿಂದ ಕಂಬಳಿ ಮನೆಯ ಹಿಂಬದಿಯ ಗೂಟ ಸೇರಿತು, ನಾನು ಮಾವಿನಕಾಯಿ ಕೊಡೆಯ ಕೆಳಗೆ ಸೇರಿದೆ.

ಹೀಗೆ ನೆನೆದು ನೆನೆದು ಬುದ್ಧಿ ಮೆತ್ತಗಾಗಿದ್ದ ಸಮಯದಲ್ಲಿ ಒಂದು ವ್ಯಾಜ್ಯದ ಸಲುವಾಗಿ ಭಟ್ಕಳಕ್ಕೆ ಹೋದೆ. ಅಲ್ಲಿ ಮುಂಬಯಿ ಮದರಾಸುಗಳಿಂದ ಸಾಮಾನು ತರಿಸುವ ಸಾಬರೊಬ್ಬರ ಅಂಗಡಿ. ಮಳೆಗೆ ಓಡಿ ಅವರ ಜಗಲಿ ಏರಿದ ನನ್ನನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಅಂಗಿಯಿಂದ ನೀರಿಳಿದು ಅವರ ಚಾಪೆ ನೆನೆಯುತ್ತಿತ್ತು. ಅವರು ಒಳಗೆ ಹೋಗಿ ಒಂದು ಕೋಟನ್ನು ಎರಡೂ ಕೈಯಲ್ಲಿ ಹೊತ್ತು ತಂದರು. ಖಾಕಿ ಬಣ್ಣ, ಒಳಗೆಲ್ಲ ರಬ್ಬರು, ಹೆಗಲ ಮೇಲೆ ಪಟ್ಟಿ, ಸೊಂಟಕ್ಕೆ ಪಟ್ಟಿ, ಎದೆಯ ಮೇಲೆ ಎರಡು ಸಾಲು ಹಿತ್ತಾಳೆಯ ಗುಂಡಿ.

"ಕಾರಕೂನರೇ, ಇದು ಅಸಲಿ ಮಾಲು. ಫೌಜಿನ ದೊಡ್ಡ ಸಾಹೇಬನದು. ವಿಲಾಯತಿನಲ್ಲಿ ಹಿಮ ಬೀಳ್ತದಲ್ಲ, ಆ ಹಿಮದಲ್ಲಿ ಇಡೀ ದಿನ ನಿಂತ್ರೂ ಒಳಗೆ ಬೆಚ್ಚಗೆ ಇರ್ತದೆ."

"ಮಳೆಗೆ ಹೇಗೆ?"

"ಹಿಮಾನೇ ತಡೀತದೆ ಅಂದ್ಮೇಲೆ ಮಳೆ ಯಾವ ಲೆಕ್ಕ?"

ಈ ವಾದದಲ್ಲಿ ಎಲ್ಲೋ ಒಂದು ತೂತಿದೆಯೆಂದು ಇಪ್ಪತ್ತು ವರ್ಷ ಕೋರ್ಟಿನ ಕಂಬಕ್ಕೆ ಒರಗಿ ವಾದ ಕೇಳಿದ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಹಿಮ ನೋಡಿದವನಲ್ಲ, ಸಾಬರೂ ನೋಡಿದವರಲ್ಲ; ಹೀಗಾಗಿ ಆ ವಿಷಯದಲ್ಲಿ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಕೋಟು ನನ್ನ ಹಿಮ್ಮಡಿ ಮುಟ್ಟುತ್ತಿತ್ತು. ತೋಳುಗಳು ಕೈಬೆರಳು ದಾಟಿ ಇನ್ನೂ ಮುಂದಕ್ಕೆ ಹೋಗಿದ್ದವು. "ಸ್ವಲ್ಪ ದೊಡ್ಡದಾಯ್ತಲ್ಲ" ಎಂದೆ. "ದೊಡ್ಡ ಮನುಷ್ಯರ ಕೋಟು" ಎಂದರು ಸಾಬರು. ಆ ಮಾತು ನನಗೆ ಹಿತವಾಯಿತು. ಬೆಲೆಯನ್ನು ಇಲ್ಲಿ ಬರೆಯಲಾರೆ. ನನ್ನ ಹೆಂಡತಿಗೆ ಓದಲು ಬರುತ್ತದೆ.

ಕೋಟು ತೊಟ್ಟು ಇದ್ದಿಲಿನ ಬಸ್ಸು ಹತ್ತಿದೆ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಆ ಬಸ್ಸು ಅಪ್ಸರಕೊಂಡದ ಹತ್ತಿರ ಏರಿನಲ್ಲಿ ಎಂದಿನಂತೆ ನಿಂತಿತು, ಎಲ್ಲರೂ ಎಂದಿನಂತೆ ಇಳಿದು ನೂಕಿದರು. ನಾನೂ ಏಳಹೊರಟರೆ ಡ್ರೈವರ್ ಹಿಂತಿರುಗಿ, "ಬ್ಯಾಡ ಸಾಹೇಬ್ರೆ, ನೀವು ಕೂತ್ಕಳಿ" ಎಂದ. ಯುದ್ಧ ಶುರುವಾದಾಗಿನಿಂದ ಆ ಏರಿನಲ್ಲಿ ಬಸ್ಸು ನೂಕಿದವನು ಅಂದು ಮೊದಲ ಬಾರಿಗೆ ಒಳಗೆ ಕೂತು ನೂಕಿಸಿಕೊಂಡೆ. ಶರಾವತಿಯ ದಡದಲ್ಲಿ ದೋಣಿಯವನು ತನ್ನ ತಲೆವಸ್ತ್ರದಿಂದಲೇ ಹಲಗೆ ಒರೆಸಿ ಜಾಗ ಮಾಡಿಕೊಟ್ಟ. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಎದುರಿನಲ್ಲಿ ಒಬ್ಬ ಹೆಂಗಸು ಸೊಪ್ಪು ಮುಚ್ಚಿದ ತನ್ನ ಬುಟ್ಟಿಯ ಮೇಲೆಯೇ ಹತ್ತಿ ಕುಳಿತುಬಿಟ್ಟಳು. ಹಾಗೆ ಕೂತರೆ ಬುಟ್ಟಿ ಮುರಿದೀತು ತಾಯಿ ಎನ್ನಬೇಕೆನಿಸಿತು. ಆದರೆ ಎರಡು ಸಾಲು ಗುಂಡಿ ಇದ್ದವನು ಬುಟ್ಟಿಯ ವಿಷಯಕ್ಕೆ ಬಾಯಿ ಹಾಕುವುದು ಶೋಭೆಯಲ್ಲವೆಂದು ಸುಮ್ಮನಾದೆ. ಆ ಮೌನವನ್ನು ನಾನು ಗೌರವವೆಂದು ತಿಳಿದೆ. ಈ ತಿಳುವಳಿಕೆಯಲ್ಲಿ ಹೊನ್ನಾವರ ಮುಟ್ಟುವ ಹೊತ್ತಿಗೆ, ಸಾಬರು ಹೇಳಿದ ಬೆಚ್ಚಗಿನ ಗುಣ ತನ್ನ ಕೆಲಸ ಶುರುಮಾಡಿತ್ತು. ಹೊರಗಿನ ಮಳೆ ಒಂದು ಹನಿಯೂ ಒಳಗೆ ಬರಲಿಲ್ಲ, ಇದನ್ನು ನಾನು ಯಾವ ಕೋರ್ಟಿನಲ್ಲಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಒಳಗೆ ಬೇರೆಯೇ ಒಂದು ಮಳೆಗಾಲ ಆರಂಭವಾಗಿತ್ತು. ಬೆವರು ಕುತ್ತಿಗೆಯಿಂದ ಹೊರಟು ಬೆನ್ನು, ಸೊಂಟ, ಮೊಣಕಾಲುಗಳನ್ನು ಸಂದರ್ಶಿಸಿ ಜೋಡಿನಲ್ಲಿ ಶೇಖರವಾಯಿತು.

ಮನೆಯ ಬಾಗಿಲು ತಟ್ಟಿದರೆ ಹೆಂಡತಿ ಅರ್ಧ ತೆರೆದು, "ಯಾರು ಬೇಕಾಗಿತ್ತು? ಅವರು ಮನೇಲಿಲ್ಲ" ಎಂದಳು. ನಾನೇ ಎಂದೆ. ಅವಳು ಲಾಟೀನು ಎತ್ತಿ ಕೋಟಿನೊಳಗೆ ನನ್ನನ್ನು ಹುಡುಕಿ ತೆಗೆದಳು. ಗುಂಡಿ ಬಿಚ್ಚಿದಾಗ ನನ್ನ ಅಂಗಿಯನ್ನು ಹಿಂಡಿದರೆ ಒಂದು ಚೆಂಬು ತುಂಬುವಂತಿತ್ತು. ಅವಳು ಕೋಟಿನ ಹೊರಮೈ ಮುಟ್ಟಿದಳು, ಒಳಮೈ ಮುಟ್ಟಿದಳು.

"ಹೊರಗೆ ಕೊಡವಿದ್ರೆ ಒಣಗಿ ಹೋತು, ಒಳಗೆ ನೀರೇ ನೀರು. ಇದನ್ನ ತಿರುಗಿಸಿ ಹಾಕ್ಕಂಡ್ರೆ ಆಗೂದಿಲ್ವ?"

ಹಿಮಪ್ರದೇಶದ ಉಡುಪಿನ ಮರ್ಮ ಹೆಂಗಸರಿಗೆ ಅರ್ಥವಾಗುವುದಿಲ್ಲವೆಂದು ನಾನು ಊಟಕ್ಕೆ ಕುಳಿತೆ.

ಊಟದ ವಿಷಯ ಬಂದದ್ದರಿಂದ ಅಕ್ಕಿಯ ವಿಷಯವನ್ನೂ ಹೇಳಬೇಕು. ಆಗ ರೇಶನ್ನಿನ ಕಾಲ. ರೇಶನ್ ಅಂಗಡಿಯಿಂದ ತಂದ ಚೀಲದಲ್ಲಿ ಕಲ್ಲು, ಹುಳ, ಅಕ್ಕಿ ಇದೇ ಅನುಕ್ರಮದಲ್ಲಿ ಇರುತ್ತಿದ್ದವು. ಮನೆಯಲ್ಲಿ ಉಣ್ಣುವ ಬಾಯಿ ಆರು. ನಮ್ಮ ಜೀವ ಉಳಿದದ್ದು ನಮ್ಮ ತುಂಡು ಗದ್ದೆಯಿಂದ. ಅದರ ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಉಂಡೆ ಕಟ್ಟಿದ ಮುಡಿಗಳು ಮೂರು, ನಮ್ಮ ಅಟ್ಟದ ಮೇಲಿದ್ದವು. ನಮ್ಮಂಥ ಮನೆಗೆ ಒಂದಕ್ಕಿಂತ ಹೆಚ್ಚು ಮುಡಿ ಇಟ್ಟುಕೊಳ್ಳಲು ಸರಕಾರದ ಅಪ್ಪಣೆ ಇರಲಿಲ್ಲ. ಹೆಚ್ಚಾದದ್ದನ್ನು ಲೆವಿ ಎಂದು ಸರಕಾರಕ್ಕೆ ಒಪ್ಪಿಸಬೇಕು. ಮುಚ್ಚಿಟ್ಟವರ ಮನೆ ಹುಡುಕಲು ಸಾಹೇಬನೊಬ್ಬ ಬರುತ್ತಾನೆಂದು ಊರೆಲ್ಲ ಸುದ್ದಿ. ಹೊಸ ಬೆಳೆ ಬರುವವರೆಗೆ ಆ ಮೂರು ಮುಡಿಯಲ್ಲಿ ದಿನ ದೂಡಬೇಕು, ಆ ಹೊಸ ಬೆಳೆ ಬರಬೇಕಾದರೆ ಪುನರ್ವಸು ಮಳೆ ಮುಗಿಯುವುದರೊಳಗೆ ನಟ್ಟಿ ಆಗಬೇಕು. ಅಗೆ, ಅಂದರೆ ಭತ್ತದ ಸಸಿ, ಆಗಲೇ ಬಲಿಯುತ್ತಿತ್ತು.

ನಟ್ಟಿಗೆ ಆಳು ಕರೆಯುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಗದ್ದೆಯ ಯಜಮಾನ ತಾನೇ ಕೇರಿಗೆ ಹೋಗಿ, ಎಲೆಯಡಿಕೆ ಕೊಟ್ಟು, ನಾಳೆ ಬನ್ನಿ ಎಂದು ಬಾಯಿಬಿಟ್ಟು ಕರೆಯಬೇಕು. ಎಲೆಯಡಿಕೆ ತೆಗೆದುಕೊಂಡರೆ ಒಪ್ಪಿದಂತೆ. ಆಮೇಲೆ ಆಕಾಶ ಬಿದ್ದರೂ ಅವರು ತಪ್ಪಿಸುವುದಿಲ್ಲ. ಹೆಂಡತಿಯ ಕೈಯಲ್ಲಿ ಕಳಿಸಿದರೆ ಅದಕ್ಕೆ ಬೆಲೆಯಿಲ್ಲ. ಆದ್ದರಿಂದ ಒಂದು ಸಂಜೆ ಕಚೇರಿಯಿಂದ ಬಂದವನೇ ಎಲೆಯಡಿಕೆ ಕಟ್ಟಿಕೊಂಡು, ಹಿಮದ ಕೋಟು ತೊಟ್ಟು ಕೇರಿಗೆ ಹೊರಟೆ. ಗದ್ದೆಯಂಚಿನಲ್ಲಿ ನಡೆಯುವಾಗ ಕೋಟು ಚರ್ ಚರ್ ಎಂದು ಗಾಂಭೀರ್ಯದಿಂದ ಸದ್ದು ಮಾಡುತ್ತಿತ್ತು. ಕೇರಿ ತಲುಪಿದರೆ ಒಬ್ಬರೂ ಇಲ್ಲ. ಒಲೆಗಳಿಂದ ಹೊಗೆ ಏಳುತ್ತಿತ್ತು, ಬಾಗಿಲುಗಳು ಮುಚ್ಚಿದ್ದವು. ಒಂದು ಜಗಲಿಯಲ್ಲಿ ಕಣ್ಣು ಮಂಜಾದ ಮುದುಕನೊಬ್ಬ ಮಾತ್ರ ಓಡಲಾರದೆ ಕುಳಿತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅವನು ಕೈಮುಗಿದು, "ಒಂದು ಕಾಳೂ ಇಲ್ಲ ಒಡೆಯಾ, ದೇವರಾಣೆ ಇಲ್ಲ" ಎಂದ. ಬಡವರ ಕಷ್ಟಕ್ಕೆ ನನ್ನ ಕರುಳು ಕರಗಿತು. "ನಮ್ಮನೇಲೂ ಇಲ್ಲ ಮಾರಾಯ" ಎಂದು ಸಮಾಧಾನ ಹೇಳಿ, ಪ್ರತಿ ಮನೆಯ ಹೊಸ್ತಿಲ ಮೇಲೂ ಎಲೆಯಡಿಕೆ ಇಟ್ಟು ಬಂದೆ.

ಮರುದಿನ ಯಾರೂ ಬರಲಿಲ್ಲ. ಸಂಜೆ ಮತ್ತೆ ಹೋದೆ. ನಾನಿಟ್ಟ ಎಲೆಗಳೆಲ್ಲ ಅಂಗಳದ ಕೆಸರಿನಲ್ಲಿ ಬಿದ್ದಿದ್ದವು. ಮತ್ತೆ ಇಟ್ಟೆ. ಮೂರನೆಯ ದಿನವೂ ಅದೇ ಕಥೆ. ಇಷ್ಟರಲ್ಲಿ ಸುತ್ತಲಿನ ಗದ್ದೆಗಳೆಲ್ಲ ನೆಟ್ಟು ಹಸಿರಾದವು. ನಡುವೆ ನಮ್ಮದೊಂದು ಕನ್ನಡಿಯಂತೆ ಖಾಲಿ ನೀರು ತುಂಬಿಕೊಂಡು ಮೋಡಗಳಿಗೆ ಮುಖ ತೋರಿಸುತ್ತಿತ್ತು. ಪುನರ್ವಸು ಮುಗಿಯಲು ಇನ್ನು ಮೂರೇ ದಿನ. ನನ್ನ ಹೆಂಡತಿ ದಿನಕ್ಕೆರಡು ಬಾರಿ ಅಗೆ ನೋಡಿ ಬಂದು, ಅದು ಎಷ್ಟು ಗೇಣು ಬೆಳೆಯಿತೆಂದು ನನಗೆ ಊಟದ ಹೊತ್ತಿಗೆ ಸರಿಯಾಗಿ ವರದಿ ಮಾಡುತ್ತಿದ್ದಳು. ಕೂಲಿಯವರಿಗೆ ಈಗ ಕೊಬ್ಬು ಬಂದಿದೆ, ಕಾಲ ಕೆಟ್ಟಿತು ಎಂದು ನಾನು ಗಂಭೀರವಾಗಿ ವಿಮರ್ಶೆ ಮಾಡಿದೆ.

ಆ ಸಂಜೆ ನಟ್ಟಿ ಹೆಂಗಸರಿಗೆಲ್ಲ ಹಿರಿಯಳಾದ ಮಾದೇವಿ ತಾನಾಗಿಯೇ ನಮ್ಮ ಹಿತ್ತಿಲಿಗೆ ಬಂದಳು. ನಾನು ಒಳಗೆ ಪಂಚೆ ಒಣಗಿಸುತ್ತಿದ್ದೆ. ಹೊರಗಿನ ಮಾತು ಕೇಳಿಸುತ್ತಿತ್ತು.

"ಅಮ್ಮಾ, ನಿಮ್ಮ ಗದ್ದೆ ಎಂತಕ್ಕೆ ಹಾಗೇ ಬಿದ್ದದೆ? ಒಡೆಯರು ಈ ಸಲ ಕರೂಕೇ ಬರ್ಲಿಲ್ಲ. ಕರೀದೆ ನಾವು ಹೇಗೆ ಬರೂದು?"

"ಬರ್ಲಿಲ್ಲ ಅಂದ್ರೆ? ದಿನಾ ಬಂದಾರಲ್ಲ ಮಾದೇವಿ, ಎಲೆಯಡಿಕೆ ತಕಂಡು."

"ಎಲ್ಲಿ ಬಂದಾರೆ? ನಮ್ಗೆ ಕೇರೀಲಿ ನಿಂತ್ಕಳೂಕೇ ಪುರುಸೊತ್ತಿಲ್ಲ. ಆ ಲೆವಿ ಸಾಯ್ಬ ದಿನಾ ಸಂಜೀಗೆ ಬತ್ತ. ಅವ್ನು ಬಂದ ಹೇಳಿ ಗೊತ್ತಾದ ಕೂಡ್ಲೆ ನಾವು ಭತ್ತ ಹೊತ್ಕಂಡು ಬೆಟ್ಟಕ್ಕೆ ಓಡೂದು, ಅವ್ನು ಹೋದ್ಮೇಲೆ ಹೊತ್ಕಂಡು ಇಳಿಯೂದು. ಸೊಂಟ ಬಿದ್ದು ಹೋತು."

"ಹೌದಾ? ನೋಡೂಕೆ ಹೇಗಿದ್ದ ಅವ್ನು?"

"ಮುಖ ಯಾರು ಕಂಡವ್ರು? ಖಾಕಿ ಕೋಟು, ನೆಲ ಮುಟ್ಟೂ ಹಾಗೆ. ಬಪ್ಪಾಗ ಚರ್ ಚರ್ ಸದ್ದಾತದೆ. ದೊಡ್ಡ ಮೋಸಗಾರ ಅಮ್ಮಾ. ಹೊಸ್ತಿಲ ಮೇಲೆ ಎಲೆಯಡಿಕೆ ಇಟ್ಟು ಹೋತ. ಮುಟ್ಟಿದ್ರೆ ಮುಗೀತಲ್ಲ, ಭತ್ತ ಕೊಡ್ತೆ ಹೇಳಿ ಒಪ್ಪಿದ ಹಾಗೇ ಆತು. ನಾವು ಬೆಪ್ಪರೇನು? ಕಡ್ಡಿಯಲ್ಲಿ ನೂಕಿ ಕೆಸರಿಗೆ ಹಾಕಿದ್ವು."

ನನ್ನ ಹೆಂಡತಿ ಒಳಗೆ ಬಂದು, ಗೂಟದಲ್ಲಿ ತೂಗುತ್ತಿದ್ದ ಕೋಟನ್ನು ಇಳಿಸಿ, ಹೊರಗೆ ಒಯ್ದು ಮಾದೇವಿಯ ಮುಂದೆ ಹಿಡಿದಳು. ಮಾದೇವಿ ನಕ್ಕ ಸದ್ದಿಗೆ ಪಕ್ಕದ ಮನೆಯ ಎಮ್ಮೆ ಎದ್ದು ನಿಂತಿತು. ನಾನು ಪಂಚೆ ಒಣಗಿಸುವುದನ್ನು ಬಹಳ ಹೊತ್ತು ಮುಂದುವರಿಸಿದೆ.

ಆದರೂ ಪದ್ಧತಿ ಪದ್ಧತಿಯೇ. ತಂದೆಯ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ನಾನು ಮತ್ತೆ ಕೇರಿಗೆ ಹೋದೆ. ಎಲ್ಲ ಬಾಗಿಲುಗಳೂ ತೆರೆದಿದ್ದವು. ಎಲೆಯಡಿಕೆ ತೆಗೆದುಕೊಳ್ಳುವಾಗ ಪ್ರತಿಯೊಬ್ಬಳೂ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಆ ಮುದುಕ ಮಾತ್ರ ನನ್ನನ್ನು ದಿಟ್ಟಿಸಿ, "ನಿಮ್ಮನೇಲೂ ಕಾಳಿಲ್ಲ ಅಂದ್ರಿ, ಹೌದಾ ಒಡೆಯಾ?" ಎಂದು ಅನುಕಂಪ ತೋರಿದ. ಮರುದಿನ ಹನ್ನೆರಡು ಜನ ಗದ್ದೆಗಿಳಿದರು. ಅವರ ಬೆನ್ನ ಮೇಲೆ ಗೊರಬುಗಳು: ಬಿದಿರ ಹೆಣಿಗೆಗೆ ಎಲೆ ತುಂಬಿ, ತಲೆಯಿಂದ ಸೊಂಟದವರೆಗೆ ಕವುಚಿ ಹಾಕಿದ ದೋಣಿಯಂತೆ ಮಾಡಿದ್ದು. ಬಗ್ಗಿದವರ ಮೇಲೆ ಮಳೆ ಸುರಿದು ಎರಡೂ ಕಡೆ ಹರಿದುಹೋಗುತ್ತದೆ, ಕೈ ಎರಡೂ ಕೆಲಸಕ್ಕೆ ಬಿಡುವಾಗಿರುತ್ತವೆ, ಗಾಳಿ ಅಡಿಯಿಂದ ಆಡುತ್ತಿರುತ್ತದೆ. ಅವರಲ್ಲಿ ಒಬ್ಬಳೂ ನೆನೆದಿರಲಿಲ್ಲ, ಒಬ್ಬಳೂ ಬೆವತಿರಲಿಲ್ಲ. ನೋಡಲು ಮಾತ್ರ ಹನ್ನೆರಡು ಆಮೆಗಳು ಸಾಲಾಗಿ ಹಿಂದೆ ಸರಿಯುವಂತೆ ಕಾಣುತ್ತಿತ್ತು. ಆಮೆಗಳಿಗೆ ಅದರಿಂದ ಬೇಸರವಿದ್ದಂತೆ ಕಾಣಲಿಲ್ಲ.

ಕೋಟು ತರಿಸದೆ ಅವರು ಬಿಡಲಿಲ್ಲ. ಮಾದೇವಿ ಗೊರಬು ತೆಗೆದಿಟ್ಟು ಕೋಟು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿಕೊಂಡು ಗದ್ದೆಯಲ್ಲಿ ನಿಂತಳು. ಅಗೆಯ ಕಟ್ಟು ಹಿಡಿದು ಒಂದು ಸಲ ಬಗ್ಗಲು ನೋಡಿದಳು, ಎರಡನೆಯ ಸಲ ನೋಡಿದಳು, ನೆಟ್ಟಗಾದಳು.

"ಒಡೆಯಾ, ಇದ್ರಲ್ಲಿ ಬಗ್ಗೂಕೆ ಆಗೂದಿಲ್ಲ."

"ಅದು ಸಾಹೇಬರ ಕೋಟು ಮಾದೇವಿ."

"ಅದ್ಕೇ ಮತ್ತೆ. ಸಾಯ್ಬ್ರಿಗೆ ಬಗ್ಗೂ ಕೆಲಸ ಎಲ್ಲದೆ?"

ಅವಳು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು ಗೊರಬಿನೊಳಗೆ ಸೇರಿದಳು. ಬಗ್ಗಿದ ಬೆನ್ನುಗಳ ಅಡಿಯಿಂದ ಹಾಡು ಶುರುವಾಯಿತು. ಅವರು ಹಳೆಯ ಹಾಡು ಹಾಡುತ್ತಾರೆಂದು ನಾನು ಅಂಚಿನ ಮೇಲೆ ನಿಂತು ತಲೆದೂಗುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಶಬ್ದಗಳು ಬಿಡಿಬಿಡಿಯಾಗಿ ಕೇಳಿದವು:

ಕೇರಿಗೆ ಯಾರ ಬಂದಾರೆ ತಂಗೀ, ಕೋಟೊಂದು ನಡಕಂಡು ಬಂತೇ
ಕೋಟಿನೊಳಗೆ ಮನಸರ ಕಾಣೆ, ಬೆವರೊಂದು ಹರಕಂಡು ಬಂತೇ

ತಲೆದೂಗುವುದನ್ನು ನಿಲ್ಲಿಸಿದೆ. ಹಾಡು ನಿಲ್ಲಲಿಲ್ಲ. ಎರಡು ದಿನದ ನಟ್ಟಿಗೆ ಸಾಕಾಗುವಷ್ಟು ಸಾಲುಗಳು ಅದಕ್ಕೆ ಹುಟ್ಟಿಕೊಂಡವು. ಪುನರ್ವಸುವಿನ ಕೊನೆಯ ದಿನ ಸಂಜೆ ಗದ್ದೆ ನೆಟ್ಟು ಮುಗಿಯಿತು. ಕೋಟು ಹಿತ್ತಿಲಿಗೆ ಹೋಗಿ ಕಟ್ಟಿಗೆಯ ರಾಶಿಯ ಮೇಲೆ ಮಲಗಿತು.

ಇಲ್ಲಿಗೆ ನನ್ನ ಪಾಠ ಮುಗಿಯಿತೆಂದುಕೊಂಡು, ಬಟ್ಟೆ ನೋಡಿ ಮನುಷ್ಯನನ್ನು ಅಳೆಯಬಾರದೆಂಬ ತತ್ವವನ್ನು ಕೋರ್ಟಿನ ಜಗಲಿಯಲ್ಲಿ ನಾಲ್ಕಾರು ಜನರಿಗೆ ವಿವರಿಸಿಯೂ ಬಂದೆ. ಪುಷ್ಯದ ಮಳೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಬರಿಗಾಲಿನ ಒಬ್ಬ ಬಡಕಲು ಮನುಷ್ಯ ಕಂಬಳಿ ಕೊಪ್ಪೆಯಲ್ಲಿ ಬಂದು ನಮ್ಮ ಸೂರಿನಡಿ ನಿಂತ. ಪಾಪ ಎನಿಸಿತು. "ಮೇಲೆ ಬಾ ಮಾರಾಯ, ಕೂತ್ಕ" ಎಂದು ಜಗಲಿಗೆ ಕರೆದೆ. ಎಲ್ಲಿಂದ ಬಂದದ್ದು ಎಂದರೆ ಹಳದೀಪುರದ ಕಡೆಯಿಂದ ಎಂದ. ಎಂತ ಕೆಲಸ ಎಂದರೆ, "ತಿರುಗೂ ಕೆಲಸ" ಎಂದ. ನನ್ನದೂ ಅದೇ ಕೆಲಸವೆಂದು ನನಗೆ ಆತ್ಮೀಯತೆ ಹುಟ್ಟಿತು. ಕಷಾಯ ಕೊಡಿಸಿದೆ. ಕೋಟಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಒಳಗೆ ಒಂದು ಪಾತ್ರೆ ಬಿದ್ದ ಸದ್ದಾಯಿತು. ಕೇರಿಯವರು ಹೆದರಿ ಬಾಗಿಲು ಹಾಕಿಕೊಂಡರೆಂದೆನೇ ಹೊರತು ಬೆಟ್ಟದ ವಿಷಯ ಎತ್ತಲಿಲ್ಲ. ಪರರ ಗುಟ್ಟು ಬಿಡಬಾರದೆಂಬುದು ಕಾರಕೂನನ ಧರ್ಮ. ತನ್ನ ಗುಟ್ಟಿನ ಬಗ್ಗೆ ಅಂಥ ಧರ್ಮವೇನೂ ಹೇಳಿಲ್ಲ.

ಆತ ಕಥೆಗೆ ಬಹಳ ಚೆನ್ನಾಗಿ ನಕ್ಕ. ಆಮೇಲೆ ಸೂರಿನತ್ತ ನೋಡಿ, "ಇಂಥಾ ಮಳೇಲಿ ಸಾಮಾನು ನೆನೀದೇ ಇಟ್ಕಳೂದೇ ಕಷ್ಟ, ಅಲ್ವ? ನಮ್ಮ ಬದಿ ಅಟ್ಟಕ್ಕೂ ನೀರು ಇಳೀತದೆ" ಎಂದ.

ಇಪ್ಪತ್ತು ವರ್ಷ ನೆನೆದವನ ಮುಂದೆ ಈ ಮಾತು ಎತ್ತಬಾರದಿತ್ತು. "ನಮ್ಮ ಅಟ್ಟಕ್ಕಾ?" ಎಂದೆ. ಒಳಗೆ ಎರಡನೆಯ ಪಾತ್ರೆ ಬಿತ್ತು. "ಈ ಮನೆಯಲ್ಲಿ ನಾನೊಬ್ಬ ನೆನೆಯುತ್ತೇನೆ, ಬೇರೆ ಏನೂ ನೆನೆಯುವುದಿಲ್ಲ. ಮೂರು ಮುಡಿ ಇದೆ ಮೇಲೆ. ಕೈ ಹಾಕಿ ನೋಡು, ಒಂದು ಕಾಳಿಗೆ ತೇವ ತಾಗಿದ್ದರೆ ಹೇಳು." ಮೂರನೆಯ ಪಾತ್ರೆ ದೊಡ್ಡದು, ಬಿದ್ದು ಬಹಳ ಹೊತ್ತು ತಿರುಗಿತು.

ಆತ ಕಷಾಯ ಮುಗಿಸಿ, ಲೋಟ ಕೆಳಗಿಟ್ಟು, ಕಂಬಳಿ ಸರಿಸಿದ. ಒಳಗೆ ಖಾಕಿ ಅಂಗಿ ಇತ್ತು. ಕಂಕುಳಿನಿಂದ ಮೇಣದ ಬಟ್ಟೆಯ ಕಟ್ಟೊಂದನ್ನು ತೆಗೆದು ಬಿಚ್ಚಿದ. ಅದರೊಳಗಿನ ಸರಕಾರಿ ಕಾಗದಗಳ ಒಂದು ಮೂಲೆಯೂ ನೆನೆದಿರಲಿಲ್ಲ. ಆ ಗಳಿಗೆಯಲ್ಲೂ ಅದಕ್ಕಾಗಿ ನನಗೆ ಹೊಟ್ಟೆಕಿಚ್ಚಾಯಿತು. "ಕೋಟು ಹಾಕ್ಕಂಡು ಹೋದ್ರೆ ಜನ ಸಿಕ್ಕೂದಿಲ್ಲ ಕಾರಕೂನರೇ" ಎಂದರು ಲೆವಿ ಸಾಹೇಬರು, ಸೀಸದಕಡ್ಡಿಯ ತುದಿ ನಾಲಗೆಗೆ ತಾಗಿಸುತ್ತ, "ನಿಮ್ಗೇ ಗೊತ್ತಾತಲ್ಲ." ನಾನು ಅವರನ್ನು ಬಹುವಚನದಲ್ಲಿ ಕರೆಯಲು ಆರಂಭಿಸಿದೆ. ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಅವರು ಹೋದ ಮೇಲೆ ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ನಾನು ಮೂರು ಪಾತ್ರೆ ಬೀಳಿಸ್ದೆ."

"ಬೆಕ್ಕು ಅಂದ್ಕಂಡೆ."

"ನಮ್ಮನೇಲಿ ಬೆಕ್ಕಿಲ್ಲ."

ಮರುದಿನ ಎರಡು ಮುಡಿ ಒಯ್ಯಲು ಗಾಡಿ ಬಂತು. ಮುಡಿಗಳು ದಾರಿಯಲ್ಲಿ ನೆನೆಯದಂತೆ ಮುಚ್ಚಲು ಏನಾದರೂ ಇದೆಯೇ ಎಂದು ಗಾಡಿಯವನು ಕೇಳಿದ. ಹೆಂಡತಿ ಹಿತ್ತಿಲಿಗೆ ಹೋಗಿ ಕೋಟು ತಂದುಕೊಟ್ಟಳು. ಅದು ಹಿಂತಿರುಗಿ ಬಂದಿಲ್ಲ. ನಾನು ಈಗ ಮಾವಿನಕಾಯಿ ಕೊಡೆ ಹಿಡಿದು ಕೋರ್ಟಿಗೆ ಹೋಗುತ್ತೇನೆ. ಅಟ್ಟದ ಮೇಲೆ ಒಂದು ಮುಡಿ ಅಕ್ಕಿ ಇದೆ.